ಕೊನೇ ನಂಬರಿನ ಅನಸುಬಾಯಿ

ವಾಡಿ ಜಂಕ್ಷನ್ನಿನಲ್ಲಿ ಇಳಿದು, ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಓಣಿಗೆ ಹೋಗಿ, ಅನಸುಬಾಯಿಯ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಬಾಯಿಯಿಂದ ಉತ್ತರ ಕೊಡುವುದಿಲ್ಲ. ಸುಮ್ಮನೆ ಗದ್ದ ಎತ್ತಿ ಆ ಕಡೆಗೆ ತೋರಿಸುತ್ತಾರೆ. ಅಷ್ಟು ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ನಿಮ್ಮ ಕಿವಿಗೇ ಬಿದ್ದಿರುತ್ತದೆ. ಟಪ್ ಟಪ್ ಟಪ್. ಆ ಸಪ್ಪಳ ಹಿಡಿದು ನಡೆದರೆ ಮನೆ ಸಿಕ್ಕೇ ಸಿಗುತ್ತದೆ.

ಆಡಕಿಯಲ್ಲಿ ಹುಟ್ಟಿ, ಹದಿನೆಂಟಕ್ಕೆ ವಾಡಿಯ ಭಗವಂತನ ಕೈ ಹಿಡಿದು ಬಂದ ಹೆಣ್ಣು. ಈಗ ಐವತ್ಮೂರು. ಭಗವಂತ ಸಿಮೆಂಟು ಫ್ಯಾಕ್ಟರಿಯಲ್ಲಿ ಚೀಲ ಹೊರುತ್ತಿದ್ದವನು, ಈಗ ಅಲ್ಲೇ ಗೇಟು ಕಾಯುತ್ತಾನೆ. ಒಬ್ಬಳೇ ಮಗಳು ಲುಂಬಿನಿ, ಚಿತ್ತಾಪುರದ ಕಾಲೇಜಿನಲ್ಲಿ ಕಾಮರ್ಸ್ ಹೇಳುತ್ತಾಳೆ. ಮಗಳು ಹುಡುಗರಿಗೆ ರೊಕ್ಕದ ಪಾಠ ಹೇಳುವವಳು, ತಾಯಿ ಓಣಿಯ ರೊಕ್ಕ ಆಡಿಸುವವಳು. ಮನೆಯಲ್ಲಿ ಇಬ್ಬರಿಗೂ ಸದಾ ಜಗಳ, ಸದಾ ನಗು.

ಓಣಿಯ ರೊಕ್ಕ ಅಂದರೆ ಭಿಶಿ. ಹನ್ನೆರಡು ಮಂದಿ ಹೆಂಗಸರು ಪ್ರತಿ ಹುಣ್ಣಿಮೆಗೆ ಕೂಡುವುದು, ತಲೆಗೆ ಇಷ್ಟು ಅಂತ ಹಾಕುವುದು, ಕೂಡಿದ್ದೆಲ್ಲ ಆ ತಿಂಗಳ ನಂಬರಿನವಳು ಸೆರಗಿಗೆ ಕಟ್ಟಿಕೊಂಡು ಹೋಗುವುದು. ಹನ್ನೆರಡು ಹುಣ್ಣಿಮೆಗೆ ಹನ್ನೆರಡೂ ಮನೆ ತಣ್ಣಗೆ. ಭಿಶಿ ನಡೆಸುವವರು ಮೊದಲ ನಂಬರು ತಾವೇ ಇಟ್ಟುಕೊಳ್ಳುವುದು ಎಲ್ಲ ಊರಿನ ವಾಡಿಕೆ. ಓಡಾಡಿ ವಸೂಲಿ ಮಾಡುವ ತ್ರಾಸಿಗೆ ಅದು ಕೂಲಿ ಇದ್ದಂತೆ. ಆದರೆ ಅನಸುಬಾಯಿ ನಡೆಸಿದಷ್ಟೂ ಕಾಲ ಹಿಡಿದದ್ದು ಕೊನೇ ನಂಬರು.

ಯಾಕೆ ಅಂದರೆ ಅವಳಿಗೆ ಅವಳ ತಾಯಿ ಹೇಳಿದ ಒಂದು ಮಾತಿತ್ತು. ಆಡಕಿಯ ಮನೆಯಲ್ಲಿ ಎಂಟು ಮಕ್ಕಳು, ಒಂದು ಗಡಿಗೆ ಸಾರು. ಎಲ್ಲರಿಗೂ ಬಡಿಸಿ ಕೊನೆಗೆ ಕೂಡುತ್ತಿದ್ದ ತಾಯಿ, ಗಡಿಗೆ ಬಗ್ಗಿಸಿ ಮಗಳಿಗೆ ತೋರಿಸುತ್ತಿದ್ದಳು. "ನೋಡು, ಮೊದಲ ಉಂಡವರಿಗೆ ಬರೀ ನೀರು. ಬ್ಯಾಳಿ ಎಲ್ಲಾ ತಳದಾಗ ಅದ. ಕೊನಿಗಿ ಉಂಡಾಕಿಗೇ ಗಟ್ಟಿ." ಪಾಪ, ತನ್ನ ಪಾಲಿಗೆ ಉಳಿದದ್ದನ್ನೇ ಸಿರಿವಂತಿಕೆ ಅಂದುಕೊಳ್ಳುವ ಜಾಣತನ ಆ ತಾಯಿಯದು. ಮಗಳು ಅದನ್ನು ಖರೇ ಅಂತ ನಂಬಿದಳು. ಉಣ್ಣುವುದರಲ್ಲಿ ಕೊನೆ, ನಲ್ಲಿ ಪಾಳಿಯಲ್ಲಿ ಕೊನೆ, ಭಿಶಿಯಲ್ಲಿಯೂ ಕೊನೆ.

ಅನಸುಬಾಯಿಗೆ ಬೇಕಾಗಿದ್ದದ್ದು ಒಂದೇ ಒಂದು ಸಾಮಾನು. ಮನೆಯಲ್ಲಿ ಇಡುವಂಥ ಸಣ್ಣ ಹಿಟ್ಟಿನ ಗಿರಣಿ. ಮಾರುವ ರೊಟ್ಟಿಗೆ ದಿನಾ ಬೆಳಗಾಗೆದ್ದು ಹನ್ನೆರಡು ಕಿಲೋ ಜೋಳದ ಡಬ್ಬಿ ಹೊತ್ತು ಸ್ಟೇಷನ್ನಿನ ಆಚೆಯ ಗಿರಣಿಗೆ ಹೋಗಬೇಕು, ಪಾಳಿ ಹಚ್ಚಬೇಕು, ಕರೆಂಟು ಹೋದರೆ ಕೂಡಬೇಕು. ಇಪ್ಪತ್ತು ವರ್ಷ ಹೊತ್ತು ಹೊತ್ತು ಬಲಗಡೆಯ ಹೆಗಲು ಸವೆದುಹೋಗಿತ್ತು. "ಇನ್ನ ಮ್ಯಾಲ ಭಾರ ಎತ್ತಬ್ಯಾಡ್ರಿ" ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ಅಂಗಡಿಯ ಹಿಟ್ಟಿಗೆ ರೊಟ್ಟಿ ಏಳುವುದಿಲ್ಲ, ಹರಿಯುತ್ತದೆ. ಹೀಗಾಗಿ ಮಾತು ಸೀದಾ ಇತ್ತು: ಗಿರಣಿ ಬಂದರೆ ರೊಟ್ಟಿ ವ್ಯಾಪಾರ ಉಂಟು, ಬರದಿದ್ದರೆ ಇಲ್ಲ.

ಆ ಗಿರಣಿ ಶಹಾಬಾದಿನ ಶೌಕತ ಅಲಿಯ ಅಂಗಡಿಯಲ್ಲಿತ್ತು. ಅನಸುಬಾಯಿ ಮೊದಲ ಸಲ ನೋಡಿದಾಗ ಅದರ ದರ ಹನ್ನೆರಡು ಸಾವಿರ. ಮನೆಗೆ ಬಂದವಳೇ ತಲೆಗೆ ಸಾವಿರದ ಭಿಶಿ ಹೂಡಿದಳು. ಕೊನೇ ನಂಬರು ತನ್ನದು. ವರ್ಷ ತುಂಬಿ, ಹನ್ನೆರಡು ಸಾವಿರ ಎಣಿಸಿ ಕಟ್ಟಿಕೊಂಡು ಹೋದರೆ ಗಿರಣಿ ಹದಿಮೂರು ಸಾವಿರದ ಆರು ನೂರು! ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದಳು. ಮನೆಯಲ್ಲಿ ರೊಕ್ಕ ಸುಮ್ಮನೆ ಕೂಡುತ್ತದೆಯೇ? ಆಗಿನ್ನೂ ಓದುತ್ತಿದ್ದ ಲುಂಬಿನಿಯ ಫೀಸಿಗೆ ಹೋಯಿತು.

ಎರಡನೇ ಸಲ ತಲೆಗೆ ಹನ್ನೆರಡು ನೂರು ಮಾಡಿದಳು. ಮತ್ತೆ ಕೊನೇ ನಂಬರು. ಹದಿನಾಲ್ಕು ಸಾವಿರದ ನಾಲ್ಕು ನೂರು ತಗೊಂಡು ಹೋದರೆ ಗಿರಣಿ ಹದಿನಾರು ಸಾವಿರಕ್ಕೆ ಏರಿ ಕುಂತಿತ್ತು.

"ಬರ್ರಿ ಅಕ್ಕಾ, ನಿಮ್ಮ ಗಿರಣಿ ನಿಮ್ಮ ದಾರೀನೇ ಕಾಯಲಿಕತ್ತದ" ಅಂತ ನಗುತ್ತಿದ್ದ ಶೌಕತ ಅಲಿ.

"ದಾರಿ ಕಾಯಲಿಕತ್ತಿಲ್ಲೋ ಅಪ್ಪಾ, ನನ್ನ ಕಂಡ ಕೂಡಲೇ ಓಡಲಿಕತ್ತದ" ಅಂದಳು ಅನಸುಬಾಯಿ. ಗಿರಣಿಯ ನೆತ್ತಿಯನ್ನು ಒಮ್ಮೆ ಸವರಿ ಬಂದಳು. ಆ ರೊಕ್ಕ ಮಳೆಗಾಲದಲ್ಲಿ ಸೋರುವ ಛಾವಣಿಯ ಪತ್ರಾಸಿಗೆ ಹೋಯಿತು.

ಆವತ್ತು ರಾತ್ರಿ ಊಟದ ಹೊತ್ತಿಗೆ ಮಗಳು ಪಾಠ ಸುರುಮಾಡಿದಳು. "ಯವ್ವಾ, ಇದಕ್ಕ ಹಣದುಬ್ಬರ ಅಂತಾರ."

"ಏನ ಉಬ್ಬತದ? ನಮ್ಮ ಮನ್ಯಾಗಂತೂ ಬತ್ತೇ ಹೋಗ್ಯದಲ್ಲ."

"ಅದೇ ಯವ್ವಾ. ನೂರರ ನೋಟು ಇವತ್ತ ನೂರೇ, ನಾಳೀನೂ ನೂರೇ. ಆದ್ರ ಅದಕ್ಕ ಬರೋ ಸಾಮಾನು ವರ್ಷಾ ವರ್ಷಾ ಕಡಿಮಿ. ಮೊದಲ ನಂಬರಿನಾಕಿ ತಗೊಂಡ ಸಾವಿರ, ಕೊನೀ ನಂಬರಿನಾಕಿ ತಗೊಂಡ ಸಾವಿರ, ಎರಡೂ ಒಂದೇ ಅಲ್ಲ. ನೀ ಕೊನಿಗಿ ಉಣ್ಣಾಕಿ, ನಿನಗೇ ತೆಳ್ಳಂದು."

ಅನಸುಬಾಯಿಯ ಕೈ ತಾಟಿನಲ್ಲಿಯೇ ನಿಂತಿತು. ತಾಯಿಯ ಗಡಿಗೆ ಕಣ್ಣ ಮುಂದೆ ಬಂತು. ತಾಟು ಸರಿಸಿ ಅಂದಳು, "ರೂಪಾಯಿ ಸವೀತದ ಅಂದ್ರ ರೂಪಾಯಿದಾಗ ಯಾಕ ಎಣಿಸಬೇಕು? ಸವೀಲಾರದ್ದರಾಗ ಎಣಸೋಣು. ಬ್ಯಾಳಿದಾಗ!"

ತೊಗರಿಯ ಸೀಮೆಯ ಹೆಣ್ಣಿಗೆ ಮತ್ತೇನು ಹೊಳೆಯಬೇಕು ಹೇಳಿ. ಆ ವರ್ಷ ತೊಗರಿಬ್ಯಾಳಿ ಆಕಾಶಕ್ಕೇರಿತ್ತು. ಸೂಗಪ್ಪನ ಕಿರಾಣಿ ಅಂಗಡಿಯಲ್ಲಿ ಕಿಲೋಕ್ಕೆ ನೂರಾ ಎಂಬತ್ತು. ಮುಂದಿನ ಹುಣ್ಣಿಮೆಗೆ ಅನಸುಬಾಯಿ ಕಾನೂನು ಸಾರಿದಳು: ತಲೆಗೆ ಇಷ್ಟು ರೂಪಾಯಿ ಅಂತ ಇಲ್ಲ, ತಲೆಗೆ ಎಂಟು ಕಿಲೋ ಬ್ಯಾಳಿಯ ದರ. ಆ ಹುಣ್ಣಿಮೆಯ ದಿನ ಸೂಗಪ್ಪನ ಅಂಗಡಿಯಲ್ಲಿ ಎಷ್ಟಿದೆಯೋ ಅಷ್ಟು. ಬ್ಯಾಳಿ ಏರಿದರೆ ಭಿಶಿಯೂ ಏರುತ್ತದೆ, ಕೊನೆಯವಳಿಗೆ ಮೋಸವಿಲ್ಲ.

"ಒಂದೇ ಸಾಮಾನಿನ ಮ್ಯಾಲ ಕಟ್ಟಬ್ಯಾಡ ಯವ್ವಾ" ಅಂದಳು ಲುಂಬಿನಿ. "ನಾಕಾರು ಕೂಡಸು. ಬ್ಯಾಳಿ ಇಳೀತಂದ್ರ?"

ಇಡೀ ಓಣಿ ನಕ್ಕಿತು. ಟೇಲರಿಂಗ್ ಮಾಡುವ ಪಕ್ಕದ ಮನೆಯ ಜೈತುನ್ಬೀಯಂತೂ ಬಾಯಿಗೆ ಸೆರಗು ಹಿಡಿದಳು. "ತೊಗರಿ ಇಳೀತದಂತ! ಕಾಲೇಜಿನಾಗ ಇದನ್ನ ಕಲಿಸ್ತಾರೇನ್ ಬೇಟೀ?"

ಮೊದಲ ಹುಣ್ಣಿಮೆಗೆ ಅಂಗನವಾಡಿಯ ಆಯಾ ಗುರುದೇವಿಗೆ ಹದಿನೇಳು ಸಾವಿರದ ಇನ್ನೂರಾ ಎಂಬತ್ತು ಬಂತು. ಗಿರಣಿಯ ದರ ಆಗ ಹದಿನೇಳು ಸಾವಿರ. ಅನಸುಬಾಯಿ ಮನಸ್ಸಿನಲ್ಲಿಯೇ ಗಿರಣಿಯನ್ನು ತಂದು ಕಿಟಕಿಯ ಕೆಳಗೆ ಇಟ್ಟಳು, ವೈರೂ ಎಳೆದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಅಂದರೆ ಇದೇ.

ಆಮೇಲೆ ಏನಾಯಿತು ಅಂತೀರಿ? ಆ ಸಲ ತೊಗರಿ ಬಂಗಾರದಂತೆ ಬೆಳೆಯಿತು. ಹೊಲಕ್ಕೆ ಹೋದವರೆಲ್ಲ ಚೀಲ ತುಂಬಿಕೊಂಡು ಬಂದರು. ನೂರಾ ಎಂಬತ್ತು ಇದ್ದದ್ದು ಸಂಕ್ರಾಂತಿಗೆ ನೂರಾ ಐವತ್ತು, ಹೋಳಿ ಹಬ್ಬಕ್ಕೆ ನೂರಾ ಮೂವತ್ತು, ಬುದ್ಧ ಪೂರ್ಣಿಮೆಗೆ ನೂರಾ ಹದಿನೈದು. ಊರಿಗೆ ಊರೇ ಖುಷಿಯಾಗಿ ಎರಡು ಸೌಟು ಜಾಸ್ತಿ ಬ್ಯಾಳಿ ಹಾಕಿ ಸಾರು ಮಾಡುತ್ತಿತ್ತು. ಅನಸುಬಾಯಿ ಒಬ್ಬಳೇ ಸೂಗಪ್ಪನ ಅಂಗಡಿಯ ಮುಂದೆ ನಿಂತು ದರದ ಹಲಗೆ ನೋಡಿ ತುಟಿ ಪಿಟಿಪಿಟಿ ಅನ್ನಿಸುತ್ತಿದ್ದಳು.

ಜೈತುನ್ಬೀ ಒಂದು ದಿನ ಹಿಡಿದೇಬಿಟ್ಟಳು. "ಯಾ ಅಲ್ಲಾ! ಬ್ಯಾಳಿ ತುಟ್ಟಿ ಆಗಲಿ ಅಂತ ದುವಾ ಬೇಡಾಕಿ ಹಿಂದುಸ್ತಾನದಾಗ ನೀ ಒಬ್ಬಾಕಿನೇ ನೋಡು ಅನಸಕ್ಕಾ!"

"ಸುಮ್ಮಿರು, ಯಾರಿಗರ ಕೇಳೀತು" ಅಂತ ಅನಸುಬಾಯಿ ಅವಳ ಬಾಯಿ ಮುಚ್ಚಿದಳು. ಇಬ್ಬರೂ ಅಲ್ಲಿಯೇ ರಸ್ತೆಯ ಮೇಲೆ ಹೊಟ್ಟೆ ಹಿಡಿದು ನಕ್ಕರು. ನಕ್ಕಳು ನಿಜ, ಆದರೆ ಹೆಗಲು ಆ ದಿನ ಭಾಳ ನೋಯುತ್ತಿತ್ತು.

ಕೊನೇ ನಂಬರಿನ ದಿನ ಬಂತು. ಕಾರಹುಣ್ಣಿಮೆ. ಸೂಗಪ್ಪನ ಹಲಗೆಯ ಮೇಲೆ ನೂರಾ ಹತ್ತು. ತಲೆಗೆ ಎಂಟು ನೂರಾ ಎಂಬತ್ತು, ಎಲ್ಲ ಕೂಡಿದರೆ ಹತ್ತು ಸಾವಿರದ ಐದು ನೂರಾ ಅರವತ್ತು. ಗಿರಣಿ ಹದಿನೆಂಟು ಸಾವಿರ.

ಅಂಗಳದಲ್ಲಿ ಕುಂತ ಹನ್ನೊಂದು ಮಂದಿಗೂ ಲೆಕ್ಕ ಗೊತ್ತಿತ್ತು. ಯಾರೂ ಮೊದಲು ಕೈ ಚಾಚಲಿಲ್ಲ. ಗುರುದೇವಿ ಕಣ್ಣು ಒರೆಸಿಕೊಂಡಳು. "ಅಕ್ಕಾ, ನಾ ಹದಿನೇಳು ಸಾವಿರ ಉಂಡೀನಿ. ನಿಮಗ ಹತ್ತು ಕೊಡಲಿಕ್ಕ ನನಗ ಮನಸ ಬರವಲ್ದು. ಎಲ್ಲಾರೂ ಏಳ್ನೂರು ಏಳ್ನೂರು ಮ್ಯಾಲ ಹಾಕೋಣ್ರಿ."

"ಹಾಕಬ್ಯಾಡ್ರಿ" ಅಂದಳು ಅನಸುಬಾಯಿ. "ಕಾನೂನು ಮಾಡಿದಾಕಿ ನಾನು. ಏರಿದ್ರ ಸೈ, ಇಳದ್ರ ಇಲ್ಲ ಅಂತಂದ್ರ ಅದು ಕಾನೂನಲ್ಲ, ಲಬಾಡತನ. ಮಾಡಿದ್ದುಣ್ಣೋ ಮಹರಾಯಾ ಅಂತ ನಾ ಉಣ್ಣತೀನಿ." ಮಾತು ಗಟ್ಟಿಯಾಗಿಯೇ ಬಂತು. ಆದರೆ ನಾಳೆಯಿಂದ ರೊಟ್ಟಿ ಇಲ್ಲ ಅಂತ ಗಿರಾಕಿಗಳಿಗೆ ಹೇಳುವುದು ಹೇಗೆ ಅಂತ ಅವಳು ಆಗಲೇ ಒಳಗೊಳಗೇ ಮಾತು ಜೋಡಿಸುತ್ತಿದ್ದಳು.

ಮಂದಿಯ ಬಾಯಿ ಸಿಹಿ ಮಾಡೋಣ ಅಂತ ಗುರುದೇವಿ ಒಂದು ಪೊಟ್ಟಣ ಬಿಚ್ಚಿದಳು. ಹಬ್ಬದ ದಿನ ಮನೆಯಲ್ಲಿ ಮಾಡಲು ಪುರಸೊತ್ತಾಗದೆ, ಸ್ಟೇಷನ್ ರಸ್ತೆಯ ಚೌಡೇಶನ ಹೋಟೆಲಿನಿಂದ ಹೋಳಿಗೆ ಕಟ್ಟಿಸಿಕೊಂಡು ಬಂದಿದ್ದಳು. ಅನಸುಬಾಯಿ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. ಅಗಿಯುತ್ತಾ ಅಗಿಯುತ್ತಾ ನಿಂತಳು.

"ಎಷ್ಟು ಕೊಟ್ಟೆವ್ವ ಇದಕ್ಕ?"

"ಇಪ್ಪತ್ತಕ್ಕೊಂದರಿ."

"ಹೋದ ವರ್ಷ?"

"ಹೋದ ವರ್ಷ ಬ್ಯಾಳಿ ತುಟ್ಟಿ ಆತಂತ ಹನ್ನೆರಡು ಇದ್ದದ್ದು ಇಪ್ಪತ್ತು ಮಾಡಿದ್ರಲ್ಲರಿ."

"ಈಗ ಬ್ಯಾಳಿ ಇಳದದಲ್ಲ?"

"ಬ್ಯಾಳಿ ಇಳದದರಿ. ಹೋಳಗಿ ಎಲ್ಲಿ ಇಳೀತದ?"

ಅನಸುಬಾಯಿ ಉಳಿದ ಹೋಳಿಗೆಯನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿದಳು. ತೆಳ್ಳಗೆ, ಹೂರಣ ಕಡಿಮೆ, ಅಂಚು ಬರೀ ಕಣಕ. ಅವಳ ಮುಖದ ಮೇಲೆ ನಗು ನಿಧಾನಕ್ಕೆ ಹತ್ತಿತು. "ಯಾರೂ ರೊಕ್ಕ ತೆಗೀಬ್ಯಾಡ್ರಿ" ಅಂದಳು. "ನನಗ ಬ್ಯಾಳಿನೇ ಕೊಡ್ರಿ. ತಲಿಗೆ ಎಂಟು ಕಿಲೋ. ಕಾನೂನಿನಾಗ ಅದೇ ಅದ."

ಸೂಗಪ್ಪನ ಅಂಗಡಿ ಆ ಸಂಜೆ ಹೆಚ್ಚು ಕಡಿಮೆ ಖಾಲಿಯಾಯಿತು. ಒಬ್ಬೊಬ್ಬಳೇ ಚೀಲ ಹೊತ್ತು ತಂದಳು. ಅನಸುಬಾಯಿಯ ಪಾಲೂ ಕೂಡಿ ತೊಂಬತ್ತಾರು ಕಿಲೋ ಬ್ಯಾಳಿ ಅಂಗಳದಲ್ಲಿ ಬಿತ್ತು. ಗೇಟಿನ ಡ್ಯೂಟಿ ಮುಗಿಸಿ ಬಂದ ಭಗವಂತ ಬಾಗಿಲಲ್ಲಿಯೇ ನಿಂತ.

"ಅನಸೂ, ಗಿರಣಿ ತರ್ತೀನಂತ ಹೇಳಿದ್ದಿ. ಗೋಡಾವನ್ ತಂದೀ ಏನು?"

"ಗಿರಣಿನೇ ತಂದೀನಿ. ಇನ್ನಾ ಬೇಯಿಸಬೇಕು, ಅಷ್ಟೇ" ಅಂದಳು.

ಮರುದಿನದಿಂದ ಆ ಓಣಿಯ ಚಂದ ಏನು ಹೇಳಲಿ! ಜೈತುನ್ಬೀ ಹೊಲಿಗೆ ಮಷೀನು ಮುಚ್ಚಿಟ್ಟು ಹೂರಣ ಅರೆಯಲು ಕುಂತಳು, ಗುರುದೇವಿ ಕಣಕ ನಾದಿದಳು. "ಕೂಲಿ ಇಲ್ರೆವ್ವ" ಅಂತ ಅನಸುಬಾಯಿ ಮೊದಲೇ ಹೇಳಿದ್ದಳು, "ಗಿರಣಿ ಬಂದ ಮ್ಯಾಲ ಎರಡು ತಿಂಗಳು ನಿಮ್ಮ ಜ್ವಾಳ ಪುಕ್ಕಟ ಬೀಸಿಕೊಡತೀನಿ." ರೊಟ್ಟಿ ಬಡಿಯುವಷ್ಟು ಹೆಗಲಿನ ಕೆಲಸ ಹೋಳಿಗೆಗೆ ಬೇಡ. ಲಟ್ಟಣಿಗೆ ಹಗುರಾಗಿ ಓಡಿಸಿದರೆ ಸಾಕು. ಶಹಾಬಾದಿ ಪರಸಿಕಲ್ಲಿನ ಕಟ್ಟೆ ಒರೆಸಿ, ಎಣ್ಣೆ ಸವರಿ, ಅದರ ಮೇಲೆಯೇ ಲಟ್ಟಿಸುತ್ತಿದ್ದಳು. ಏಲಕ್ಕಿ ಬೆಲ್ಲದ ವಾಸನೆ ರೈಲ್ವೆ ಕ್ವಾರ್ಟರ್ಸು ದಾಟಿ ಪ್ಲಾಟ್‌ಫಾರ್ಮಿನ ತನಕ ಹೋಯಿತು.

ದರ ಎಷ್ಟು ಇಡುವುದು? ಇದಕ್ಕೆ ಮಾತ್ರ ತಾಯಿ ಮಗಳಿಗೆ ಜಗಳ ಬಿತ್ತು. "ಹದಿನೆಂಟು ಇಡು ಯವ್ವಾ, ಹೋಟೆಲಿಗಿಂತ ಎರಡು ಕಡಿಮಿ. ತಗೋತಾರ" ಅಂದಳು ಲುಂಬಿನಿ. ಅನಸುಬಾಯಿ ತಲೆ ಅಲ್ಲಾಡಿಸಿದಳು. "ಬ್ಯಾಳಿ ಇಳದದ್ದು ನನಗೊಬ್ಬಾಕಿಗೇ ಏನು? ಹೋದ ವರ್ಷ ಏರಿಸೋ ಮುಂದ ಎಲ್ಲಾರೂ ಬ್ಯಾಳಿ ಹೆಸರ ಹೇಳಿದ್ರು. ಇಳಿಸೋ ಮುಂದ ಯಾರರ ಒಬ್ಬರು ಹೇಳಬೇಕಲ್ಲ."

ಭಗವಂತ ಒಂದು ಒಡೆದ ಪರಸಿ ತಂದು ಗೋಡೆಗೆ ಆನಿಸಿ, ಸುಣ್ಣದ ಕಡ್ಡಿಯಿಂದ ದಪ್ಪಗೆ ಬರೆದ: ಬ್ಯಾಳಿ ಇಳದದ. ಹೋಳಗಿನೂ ಇಳದದ. ಹನ್ನೆರಡಕ್ಕೊಂದು.

ಮಂದಿ ಮೊದಲು ಆ ಪರಸಿ ನೋಡಲು ಬಂದರು, ಆಮೇಲೆ ಹೋಳಿಗೆ ತಿನ್ನಲು ಬಂದರು. ಬರೆದದ್ದನ್ನು ಎರಡೆರಡು ಸಲ ಓದಿದರು. ಯಾವುದೇ ಸಾಮಾನಿನ ದರ ಇಳಿದದ್ದನ್ನು ಹೀಗೆ ದಪ್ಪಗೆ ಸಾರಿ ಬರೆದದ್ದು ವಾಡಿಯಲ್ಲಿ ಯಾರೂ ಕಂಡಿರಲಿಲ್ಲ. ಗಾರ್ಡುಗಳು, ಗ್ಯಾಂಗಮನ್‌ಗಳು, ಸೇಡಂ ಕಡೆಯ ರೈಲಿಗೆ ಕಾಯುವವರು, ಫ್ಯಾಕ್ಟರಿಯ ಮಂದಿ, ಎಲ್ಲರೂ ಬಂದರು. ದಿನಕ್ಕೆ ಎಂಬತ್ತು ಹೋಳಿಗೆ, ಕೆಲವು ದಿನ ನೂರು. ಮಣ್ಣೆತ್ತಿನ ಅಮಾವಾಸ್ಯೆಯ ದಿನವಂತೂ ಮೂರು ನೂರು ದಾಟಿತು.

ಹತ್ತು ದಿನಕ್ಕೆ ಚೌಡೇಶ ಸ್ವತಃ ಬಂದ. ಕಟ್ಟೆಯ ಮೇಲೆ ಕುಂತು ಬೆವರು ಒರೆಸಿಕೊಂಡ.

"ಅಕ್ಕೋರ, ನನ್ನ ಹೊಟ್ಟಿ ಮ್ಯಾಲ ಹೊಡೀಲಿಕತ್ತೀರಿ ನೀವು."

"ನೀನೂ ಇಳಸೋ ಅಪ್ಪಾ. ಯಾರು ಬ್ಯಾಡ ಅಂದಾರ?"

"ಹೋಟ್ಲದಾಗ ದರಕ್ಕ ಏರೋ ಪಾವಟಗಿ ಇರ್ತಾವರಿ, ಇಳಿಯೋ ಪಾವಟಗಿ ಇರಂಗಿಲ್ಲ."

"ಹಂಗಾದ್ರ ಜಿಗದು ಬಾ" ಅಂದಳು ಅನಸುಬಾಯಿ. ಒಂದು ಬಿಸಿ ಹೋಳಿಗೆಗೆ ತುಪ್ಪ ಹಾಕಿ ಅವನ ಕೈಗೆ ಕೊಟ್ಟಳು. ಚೌಡೇಶ ತಿಂದ, ಮತ್ತೊಂದು ಕೇಳಿದ, ಎರಡಕ್ಕೂ ರೊಕ್ಕ ಕೊಟ್ಟು ಹೋದ. ಮರುದಿನ ಅವನ ಹೋಟೆಲಿನ ಹೋಳಿಗೆ ಹದಿನೈದಕ್ಕೆ ಜಿಗಿದಿತ್ತು.

ತಿಂಗಳು ತುಂಬುವ ಹೊತ್ತಿಗೆ ಬ್ಯಾಳಿ ಮುಗಿಯಿತು. ಬೆಲ್ಲ, ಹಿಟ್ಟು, ಎಣ್ಣೆ, ಗ್ಯಾಸಿನ ಖರ್ಚು ಕಳೆದು ಕೈಯಲ್ಲಿ ಉಳಿದದ್ದು ಹದಿನೆಂಟು ಸಾವಿರದ ಇನ್ನೂರು. ಅನಸುಬಾಯಿ ಹೊಸ ಸೀರೆ ಉಟ್ಟು, ಭಗವಂತನನ್ನು ಕರೆದುಕೊಂಡು ಶಹಾಬಾದಿಗೆ ಹೊರಟಳು. ಕೊನೆಗೆ ಉಳಿದ ಹೋಳಿಗೆಗಳನ್ನು ಒಂದು ಡಬ್ಬಿಯಲ್ಲಿ ಜೊತೆಗೆ ಇಟ್ಟುಕೊಂಡಿದ್ದಳು, ದಾರಿಯಲ್ಲಿ ತಿನ್ನಲಿಕ್ಕೆ ಅಂತ.

ಶೌಕತ ಅಲಿ ಅವಳನ್ನು ಕಂಡು ಎದ್ದು ನಿಂತ. ಆಮೇಲೆ ಮುಖ ಸಣ್ಣದು ಮಾಡಿದ. "ಅಕ್ಕಾ, ಹ್ಯಾಂಗ ಹೇಳಲಿ. ಹೋದ ವಾರ ಹೊಸ ಮಾಲು ಬಂತು. ಹದಿನೆಂಟೂವರಿ ಆಗ್ಯದ."

ಮೂರು ನೂರು ರೂಪಾಯಿ! ಮತ್ತೆ ಮುಂದೆ ಓಡಿದೆ! ಭಗವಂತ ಕಿಸೆ ತಡಕಾಡಿದ. ವಾಪಸು ಹೋಗುವ ಬಸ್ಸಿನ ಚಾರ್ಜು ಬಿಟ್ಟರೆ ಏನೂ ಇರಲಿಲ್ಲ. ಅನಸುಬಾಯಿಗೆ ಅಳು ಬರಬೇಕಾಗಿತ್ತು, ಆದರೆ ನಗು ಬಂತು. ಡಬ್ಬಿಯ ಮುಚ್ಚಳ ತೆಗೆದು ಎಣಿಸಿದಳು. ಇಪ್ಪತ್ತೇಳು ಇದ್ದವು.

"ಶೌಕತ ಭಾಯ್, ಹನ್ನೆರಡಕ್ಕೊಂದು ಹೋಳಗಿ. ಮುನ್ನೂರಕ್ಕ ಎಷ್ಟಾತು?"

ಶೌಕತ ಅಲಿ ಬೆರಳು ಮಡಚಿದ. "ಇಪ್ಪತ್ತೈದು."

"ತಗೋ. ಎರಡು ನಮ್ಮ ಬಸ್ಸಿಗೆ ಇರ್ಲಿ."

ಶೌಕತ ಅಲಿ ಒಂದು ತಿಂದು ನೋಡಿ, ಒಳಗೆ ಮನೆಗೆ ಕೂಗಿ ತಾಟು ತರಿಸಿ, ಇಪ್ಪತ್ತೈದನ್ನೂ ಎಣಿಸಿಯೇ ಇಳಿಸಿಕೊಂಡ. ವ್ಯಾಪಾರ ಅಂದರೆ ವ್ಯಾಪಾರ. ಆದರೆ ಗಿರಣಿಯನ್ನು ವಾಡಿಗೆ ಮುಟ್ಟಿಸುವ ಟೆಂಪೋದ ಬಾಡಿಗೆ ಮಾತ್ರ ತಾನೇ ಕೊಟ್ಟ.

ಆಷಾಢ ಹುಣ್ಣಿಮೆಗೆ ಗಿರಣಿ ಕಿಟಕಿಯ ಕೆಳಗೆ ಕುಂತಿತ್ತು, ಅವಳು ಮನಸ್ಸಿನಲ್ಲಿ ಇಟ್ಟಿದ್ದ ಜಾಗದಲ್ಲಿಯೇ. ಮೊದಲ ಮುಷ್ಟಿ ಜೋಳ ಹಾಕಿದವಳು ಗುರುದೇವಿ. ಬೆಚ್ಚಗಿನ ಹಿಟ್ಟು ಬುಳುಬುಳು ಇಳಿಯುವುದನ್ನು ನೋಡಿ ಅನಸುಬಾಯಿ ಅದರೊಳಗೆ ಕೈ ಹುದುಗಿಸಿ ನಿಂತಳು. ಅವಳಿಗೆ ಭಾಳ ಸಂತೋಷವಾಗಿತ್ತು.

ಅಂಗಳದಲ್ಲಿ ಹೊಸ ಭಿಶಿಗೆ ಹನ್ನೆರಡೂ ಮಂದಿ ಕೂಡಿದ್ದರು. "ಈ ಸಲ ಯಾತರ ಮ್ಯಾಲ ಅನಸಕ್ಕಾ?" ಕೇಳಿದಳು ಜೈತುನ್ಬೀ. "ಉಳ್ಳಾಗಡ್ಡಿ ಮ್ಯಾಲ ಮಾತ್ರ ಬ್ಯಾಡವ್ವ. ಏರಿದ್ರೂ ಅಳಬೇಕು, ಇಳದ್ರೂ ಅಳಬೇಕು."

ಅನಸುಬಾಯಿ ಮಗಳ ಕಡೆ ನೋಡಿದಳು. "ನೀ ಹೋದ ವರ್ಷ ಹೇಳಿದ್ದಿಯಲ್ಲ, ನಾಕಾರು ಕೂಡಸು ಅಂತ, ಅದನ್ನ ಹೇಳು."

ಲುಂಬಿನಿಗೆ ಇಷ್ಟು ಸಾಕಾಗಿತ್ತು. ಒಂದು ಬುಟ್ಟಿ ತಂದು ನಡುವೆ ಇಟ್ಟು ಸಾಮಾನು ಜೋಡಿಸಿದಳು. ಐದು ಕಿಲೋ ಜೋಳ, ಎರಡು ಕಿಲೋ ಬ್ಯಾಳಿ, ಎರಡು ಲೀಟರು ಎಣ್ಣೆ, ಬೆಲ್ಲ, ಚಹಾಪುಡಿ, ಸಾಬೂನು. "ಈ ಇಡೀ ಬುಟ್ಟಿಯ ದರ ಆ ಹುಣ್ಣಿಮಿಗೆ ಎಷ್ಟು ಆಗ್ತದೋ ಅಷ್ಟು ಹಾಕೋದು. ಒಂದು ಇಳದ್ರ ಇನ್ನೊಂದು ಏರ್ತದ. ಮೊದಲಿನಾಕಿಗೂ ಕೊನೀನಾಕಿಗೂ ಬುಟ್ಟಿ ಒಂದೇ."

ಅನಸುಬಾಯಿ ಬುಟ್ಟಿಯನ್ನು ನೋಡಿದಳು. "ಅಂದ್ರ ಗಡಿಗ್ಯಾಗ ಸೌಟು ತಿರುವಿ ಬಡಿಸಿದಂಗ. ಮ್ಯಾಲಿಂದು ನೀರಲ್ಲ, ತಳದ್ದು ಗಟ್ಟಿಯಲ್ಲ."

"ಹೌದು ಯವ್ವಾ, ಅಷ್ಟೇ! ಇದನ್ನ ಹುಡುಗರಿಗೆ ತಿಳಿಸಲಿಕ್ಕ ನಾ ಮೂರು ದಿನ ಕಲಿಸತೀನಿ."

"ನಮ್ಮವ್ವಗ ಯಾರೂ ಹೇಳಲಿಲ್ಲ ನೋಡು, ತಿರುವಿ ಬಡಿಸು ಅಂತ" ಅಂದಳು ಅನಸುಬಾಯಿ.

ಚೀಟಿ ಬರೆದು ಡಬ್ಬಿಗೆ ಹಾಕುವಾಗ ಜೈತುನ್ಬೀ ರೂಢಿಯಂತೆ ಕೇಳಿದಳು, "ಕೊನೀ ನಂಬರು ನಿಂದೇ ಅಲ್ಲಾ ಅನಸಕ್ಕಾ? ಬರೀಲೇನು?"

"ಬ್ಯಾಡ" ಅಂದಳು ಅನಸುಬಾಯಿ. "ಈ ಸಲ ಮೊದಲನೇದು ನನಗ ಬರೀ."

ಬಾಗಿಲಲ್ಲಿ ನಿಂತಿದ್ದ ಭಗವಂತನಿಗೆ ತಡೆಯಲಾಗಲಿಲ್ಲ. "ಏನ ತರ್ತೀ ಅನಸೂ? ಗಿರಣಿ ಅಂತೂ ಬಂದದ."

"ಇನ್ನಾ ಗೊತ್ತಿಲ್ಲರಿ" ಅಂದಳು ಅನಸುಬಾಯಿ, ಹಿಟ್ಟಿನ ಕೈಯಿಂದ ಸೆರಗು ಸರಿಮಾಡಿಕೊಳ್ಳುತ್ತಾ. "ಐವತ್ಮೂರು ವರ್ಷ ಕೊನಿಗೇ ಉಂಡೀನಿ. ಒಮ್ಮಿ ಮೊದಲ ಕುಂತು ಉಂಡು ನೋಡತೀನಿ, ಹ್ಯಾಂಗ ಇರ್ತದಂತ."